ಬೂದಿಯಲ್ಲಿ ಹೂತಿಟ್ಟ ಸಾಕ್ಷ್ಯ

1945ರ ಮಾರ್ಚ್ 5ರಂದು ಪೋಲೆಂಡಿನ ಬಿರ್ಕೆನಾವ್ ಶಿಬಿರದಲ್ಲಿ ಸೋವಿಯತ್ ತನಿಖಾ ಆಯೋಗದವರು ನೆಲ ಅಗೆಸುತ್ತಿದ್ದರು. ಎಲ್ಲಿ ಅಗೆಯಬೇಕೆಂದು ತೋರಿಸಿದವನು ಶ್ಲೋಮೊ ದ್ರಾಗೊನ್. ಅಲ್ಲಿಯೇ ಕೈದಿಯಾಗಿದ್ದು ಹೇಗೋ ಜೀವ ಉಳಿಸಿಕೊಂಡವನು. ಚಿತಾಗಾರದ ಪಕ್ಕದ ಬೂದಿಮಣ್ಣಿನಿಂದ ಸೈನಿಕರು ಬಳಸುವಂಥ ಅಲ್ಯೂಮಿನಿಯಂ ನೀರಿನ ಡಬ್ಬಿಯೊಂದು ಮೇಲೆ ಬಂತು. ಒಳಗೆ ಒಂದು ನೋಟುಬುಕ್ಕು, ಒಂದು ಪತ್ರ. ಪತ್ರದ ತಾರೀಖು 1944ರ ಸೆಪ್ಟೆಂಬರ್ 6. ಬರೆದವನ ಹೆಸರು ಜಲ್ಮನ್ ಗ್ರಾದೊವ್‌ಸ್ಕಿ. ಡಬ್ಬಿ ಸಿಕ್ಕಾಗ ಅವನು ಸತ್ತು ಐದು ತಿಂಗಳಾಗಿತ್ತು.

ನೋಟುಬುಕ್ಕಿನ ಮೊದಲಿಗೆ ಪೋಲಿಷ್, ರಷ್ಯನ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಒಂದೇ ಬಿನ್ನಹ ಇತ್ತು: ಈ ಕಾಗದಗಳತ್ತ ಗಮನ ಕೊಡಿ, ಇತಿಹಾಸ ಬರೆಯುವವರಿಗೆ ಬೇಕಾದ ಸಂಗತಿಗಳು ಇದರಲ್ಲಿವೆ ಎಂಬ ಅರ್ಥದ್ದು. ಯಾವ ದೇಶದ ಸೈನ್ಯ ಮೊದಲು ಬರುತ್ತದೋ, ಡಬ್ಬಿ ಯಾರ ಗುದ್ದಲಿಗೆ ತಾಗುತ್ತದೋ ಅವನಿಗೆ ತಿಳಿಯುವಂತಿರಲಿಲ್ಲ. ಅದಕ್ಕೇ ನಾಲ್ಕು ಭಾಷೆ. ಮುಂದಿನ ಬರಹವೆಲ್ಲ ತನ್ನ ಮಾತೃಭಾಷೆ ಯಿಡ್ಡಿಷ್‌ನಲ್ಲಿ. ಬೂದಿಯಲ್ಲೇ ಏಕೆ ಹೂತೆ ಎಂಬುದಕ್ಕೂ ಪತ್ರದಲ್ಲಿ ಕಾರಣ ಕೊಟ್ಟಿದ್ದಾನೆ. ಕೊಲೆಯಾದ ಲಕ್ಷಾಂತರ ಜನರ ಗುರುತು ಹುಡುಕಿ ಮುಂದೊಂದು ದಿನ ಯಾರಾದರೂ ಇಲ್ಲಿ ಅಗೆದೇ ಅಗೆಯುತ್ತಾರೆ, ಆದ್ದರಿಂದ ಇದೇ ಭದ್ರವಾದ ಜಾಗ ಎಂದು ಅವನ ಲೆಕ್ಕಾಚಾರ. ಈಚೆಗೆ ಜರ್ಮನರು ಬೂದಿಯನ್ನೂ ಪುಡಿ ಮಾಡಿ ವಿಸ್ತುಲಾ ನದಿಗೆ ಸುರಿಯತೊಡಗಿದ್ದಾರೆ ಎಂಬ ಆತಂಕವನ್ನೂ ಅಲ್ಲೇ ಬರೆದ.

ಎರಡನೆಯ ಮಹಾಯುದ್ಧದ ಯಾತನಾ ಶಿಬಿರಗಳೆಂದರೆ ನಮ್ಮ ಕಣ್ಣೆದುರು ಬರುವುದು ಪಟ್ಟೆಪಟ್ಟೆ ಅಂಗಿ, ಎಲುಬಿನ ಗೂಡಾದ ದೇಹ, ಮುಳ್ಳುತಂತಿಯ ಹಿಂದಿನ ಶೂನ್ಯ ನೋಟ. ಈ ಚಿತ್ರಗಳಲ್ಲಿ ಬಹುಪಾಲು ಶಿಬಿರಗಳು ಬಿಡುಗಡೆಯಾದ ಮೇಲೆ ಮಿತ್ರಪಡೆಗಳ ಕ್ಯಾಮೆರಾಗಳು ತೆಗೆದವು. ಅವುಗಳಲ್ಲಿ ಕೈದಿ ನೋಡಲ್ಪಡುವವನು, ಅನುಭವಿಸುವವನು ಮಾತ್ರ. ಆದರೆ ಸಾವಿನ ಯಂತ್ರದ ಒಳಗೆ ನಡೆದದ್ದು ಜಗತ್ತಿಗೆ ಗೊತ್ತಾದದ್ದು ಬಹುಮಟ್ಟಿಗೆ ಆ ಕೈದಿಗಳಿಂದಲೇ. ನೋಡಿದರು, ಎಣಿಸಿದರು, ಬರೆದರು, ಬಚ್ಚಿಟ್ಟರು, ಹೊರಗೆ ಸಾಗಿಸಿದರು. ಅವರನ್ನು ಬರಿಯ ಬಲಿಪಶುಗಳೆಂದು ನೆನೆಯುವುದು ಅವರಿಗೆ ಮಾಡುವ ಅನ್ಯಾಯ. ಅವರು ತಮ್ಮ ಕೊಲೆಗೆ ತಾವೇ ಸಾಕ್ಷ್ಯ ಸಂಗ್ರಹಿಸಿದವರು.

ಗ್ರಾದೊವ್‌ಸ್ಕಿ ಬಿರ್ಕೆನಾವ್‌ಗೆ ಬಂದದ್ದು 1942ರ ಡಿಸೆಂಬರಿನಲ್ಲಿ. ಜೊತೆಗೆ ಬಂದ ತಾಯಿ, ಹೆಂಡತಿ, ತಂಗಿಯರು ರೈಲಿನಿಂದ ಇಳಿದ ದಿನವೇ ವಿಷಾನಿಲಕ್ಕೆ ಬಲಿಯಾದರು. ಗಟ್ಟಿಮುಟ್ಟಾಗಿದ್ದ ಅವನನ್ನು ಸೊಂಡರ್‌ಕಮಾಂಡೊ ಎಂಬ ತಂಡಕ್ಕೆ ಹಾಕಿದರು. ವಿಷಾನಿಲ ಕೋಣೆಯಿಂದ ಹೆಣಗಳನ್ನು ಎಳೆದು ತರುವುದು, ಹೆಂಗಸರ ತಲೆಗೂದಲು ಕತ್ತರಿಸುವುದು, ಬಾಯಿ ಬಿಡಿಸಿ ಚಿನ್ನದ ಹಲ್ಲು ಕೀಳುವುದು, ಕುಲುಮೆಗೆ ನೂಕುವುದು, ಸುಡದೆ ಉಳಿದ ಎಲುಬನ್ನು ಕುಟ್ಟಿ ಪುಡಿ ಮಾಡುವುದು ಈ ತಂಡದ ಕೆಲಸ. ಒಲ್ಲೆ ಎಂದವನಿಗೆ ಅಲ್ಲೇ ಸಾವು. ಹೆಣಗಳ ರಾಶಿಯಲ್ಲಿ ಸ್ವಂತ ಊರಿನವರನ್ನು, ಮನೆಯವರನ್ನು ಗುರುತು ಹಿಡಿದವರೂ ತಂಡದಲ್ಲಿದ್ದರು.

1943ರ ಮಾರ್ಚ್‌ನಿಂದ ಜೂನ್ ನಡುವೆ ಬಿರ್ಕೆನಾವ್‌ನಲ್ಲಿ ನಾಲ್ಕು ಹೊಸ ಚಿತಾಗಾರಗಳು ಕೆಲಸ ಶುರು ಮಾಡಿದವು. ಕುಲುಮೆ ಒದಗಿಸಿದ್ದು ಎರ್ಫರ್ಟ್ ಊರಿನ ಟೋಪ್ಫ್ ಆ್ಯಂಡ್ ಸನ್ಸ್ ಕಂಪನಿ. ಶಿಬಿರದ ನಿರ್ಮಾಣ ಕಚೇರಿ 1943ರ ಜೂನ್ 28ರ ಪತ್ರದಲ್ಲಿ ಬರ್ಲಿನ್ನಿಗೆ ಲೆಕ್ಕ ಒಪ್ಪಿಸಿತು: ಹಳೆಯದೂ ಸೇರಿ ಐದು ಚಿತಾಗಾರಗಳಿಂದ 24 ಗಂಟೆಯಲ್ಲಿ 4,756 ದೇಹಗಳನ್ನು ಸುಡಬಹುದು. ಕಾರ್ಖಾನೆಯ ಉತ್ಪಾದನೆಯ ವರದಿ ಬರೆಯುವ ಒಕ್ಕಣೆಯಲ್ಲೇ ಈ ಸಂಖ್ಯೆ ಇದೆ. ಬಿರ್ಕೆನಾವ್ ಸೇರಿದ್ದ ಆಶ್ವಿಟ್ಜ್ ಶಿಬಿರ ಸಮೂಹಕ್ಕೆ ಸುಮಾರು 13 ಲಕ್ಷ ಜನರನ್ನು ತಂದರು, 11 ಲಕ್ಷ ಜನ ಸತ್ತರು. ಸತ್ತವರಲ್ಲಿ ಸುಮಾರು ಹತ್ತು ಲಕ್ಷ ಯಹೂದಿಗಳು. ಉಳಿದವರು ಪೋಲರು, ರೊಮಾ ಜನ, ಸೋವಿಯತ್ ಯುದ್ಧಕೈದಿಗಳು ಮತ್ತು ಇತರರು. ಯಹೂದಿಗಳಲ್ಲಿ ಹೆಚ್ಚಿನವರಿಗೆ ಶಿಬಿರದ ಸಂಖ್ಯೆಯೂ ಸಿಗಲಿಲ್ಲ. ರೈಲಿನಿಂದ ನೇರ ಕೋಣೆಗೆ ಹೋದವರ ಹೆಸರನ್ನು ಯಾವ ದಫ್ತರದಲ್ಲೂ ದಾಖಲಿಸಲಿಲ್ಲ.

ಸೊಂಡರ್‌ಕಮಾಂಡೊದಲ್ಲಿ ಒಟ್ಟು ದುಡಿದವರು ಸುಮಾರು ಎರಡು ಸಾವಿರ, ಯುದ್ಧ ಮುಗಿದಾಗ ಉಳಿದವರು ನೂರರ ಆಸುಪಾಸು. ಉಳಿದವರಿಗೆ ಕಾದಿದ್ದುದು ಕರುಣೆಯಲ್ಲ. ಕೊಲೆಗಾರರಿಗೆ ಕೈಜೋಡಿಸಿದವರೆಂಬ ಕಳಂಕವನ್ನು ದಶಕಗಟ್ಟಲೆ ಹೊತ್ತರು. ಅದೇ ಆಶ್ವಿಟ್ಜ್‌ನ ಕೈದಿಯಾಗಿದ್ದ ಇಟಲಿಯ ಲೇಖಕ ಪ್ರಿಮೊ ಲೆವಿ, ನಾಜಿಗಳ ಅಪರಾಧಗಳಲ್ಲೆಲ್ಲ ಅತ್ಯಂತ ಪೈಶಾಚಿಕವಾದದ್ದು ಈ ತಂಡವನ್ನು ಕಟ್ಟಿದ್ದೇ ಎಂದು ನಂಬಿದ್ದರು. ಪಾಪದ ಹೊರೆಯನ್ನು ಬಲಿಯಾಗುವವರ ಹೆಗಲಿಗೇ ದಾಟಿಸುವ ಉಪಾಯ ಅದು. ಹೊಟ್ಟೆ ತುಂಬಿದ ನಾವು ಅವರ ಬಗ್ಗೆ ತೀರ್ಪು ಕೊಡುವ ಮೊದಲು ಅವರು ಬರೆದಿಟ್ಟದ್ದನ್ನು ಓದಬೇಕು.

ಬರೆದವರು ಗ್ರಾದೊವ್‌ಸ್ಕಿ ಒಬ್ಬನೇ ಅಲ್ಲ. ಮಾಕುವ್ ಪಟ್ಟಣದಲ್ಲಿ ಯಹೂದಿ ಧರ್ಮಶಾಸ್ತ್ರದ ನ್ಯಾಯಾಧೀಶನಾಗಿದ್ದ ಲೈಬ್ ಲಾಂಗ್‌ಫುಸ್ ಬರೆದ. ಚೆಹಾನುವ್ ಊರಿನ ಜಲ್ಮನ್ ಲೆವೆಂತಾಲ್ ಬರೆದ. ಫ್ರಾನ್ಸಿನಿಂದ ಬಂದ ಹೈಮ್ ಹೆರ್ಮನ್ ಹೆಂಡತಿ, ಮಗಳಿಗೆಂದು ಫ್ರೆಂಚಿನಲ್ಲಿ ಪತ್ರ ಬರೆದು ಹೂತಿಟ್ಟ. ಲೆವೆಂತಾಲ್‌ನ ಕಾಗದಗಳು ಸಿಕ್ಕದ್ದು 1961 ಮತ್ತು 1962ರಲ್ಲಿ. ತೇವ ಹೊಕ್ಕು ಅರ್ಧಕ್ಕರ್ಧ ಅಳಿಸಿಹೋಗಿತ್ತು. ಲಾಂಗ್‌ಫುಸ್‌ನ ಒಂದು ಹಸ್ತಪ್ರತಿಯಂತೂ ಯುದ್ಧ ಮುಗಿದ ವರ್ಷವೇ ಸಿಕ್ಕಿದ್ದರೂ ಸ್ಥಳೀಯರೊಬ್ಬರ ಮನೆಯ ಅಟ್ಟದಲ್ಲಿ 1970ರವರೆಗೆ ಬಿದ್ದಿತ್ತು.

ಗ್ರಾದೊವ್‌ಸ್ಕಿಯ ಬರಹದಲ್ಲಿ 1944ರ ಮಾರ್ಚ್ 8ರ ರಾತ್ರಿಗೆ ದೊಡ್ಡ ಜಾಗವಿದೆ. ಅಂದು ಥೆರೆಸಿಯೆನ್‌ಸ್ಟಾಟ್ ಎಂಬ ಶಿಬಿರದಿಂದ ತಂದು ಆರು ತಿಂಗಳು ಕುಟುಂಬ ಸಮೇತ ಇರಿಸಿದ್ದ ಚೆಕ್ ಯಹೂದಿಗಳಲ್ಲಿ 3,700ಕ್ಕೂ ಹೆಚ್ಚು ಜನರನ್ನು ಕೊಂದರು. ಸೊಂಡರ್‌ಕಮಾಂಡೊದವರು ಒಳಗೊಳಗೇ ಕಾದಿದ್ದರು. ಈ ಜನ ಶಿಬಿರವನ್ನು ಬಲ್ಲರು, ಎಲ್ಲಿಗೆ ಒಯ್ಯುತ್ತಿದ್ದಾರೆಂದು ಅರಿತರೆ ತಿರುಗಿಬಿದ್ದಾರು, ಬಿದ್ದರೆ ತಾವೂ ಕೈಜೋಡಿಸೋಣ ಎಂದು. ಹಾಗಾಗಲಿಲ್ಲ. ಹೆಂಗಸರು ಒಳಗೆ ಹೋಗುತ್ತ ಹಾಡಿದರೆಂದು ಗ್ರಾದೊವ್‌ಸ್ಕಿ ದಾಖಲಿಸುತ್ತಾನೆ. ತಮ್ಮ ತಂಡ ಅಂದು ಏನೂ ಮಾಡದೆ ನಿಂತದ್ದನ್ನೂ ಮುಚ್ಚಿಡುವುದಿಲ್ಲ. ಸಾಯುವ ಮುನ್ನ ಆ ಕೈದಿಗಳಿಂದ ನಾಜಿಗಳ ಎಸ್‌ಎಸ್ ಪಡೆ ಅಂಚೆ ಕಾರ್ಡುಗಳನ್ನು ಬರೆಸಿತ್ತು. ನಾವು ಕ್ಷೇಮ ಎಂಬ ಒಕ್ಕಣೆ, ಮಾರ್ಚ್ ಕೊನೆಯ ವಾರದ ತಾರೀಖು. ಬರೆದವರು ಬೂದಿಯಾದ ಮೇಲೆ ಆ ಕಾರ್ಡುಗಳು ಊರಿನ ಬಂಧುಗಳ ಕೈ ಸೇರಿದವು. ಒಂದೇ ನೆಲದ ಮೇಲೆ ಎರಡು ಬಗೆಯ ಬರವಣಿಗೆ ನಡೆಯುತ್ತಿತ್ತು: ಅಪ್ಪಣೆಯಿಂದ ಬರೆಸಿದ ಸುಳ್ಳು ಅಂಚೆಯ ಮುದ್ರೆ ಹೊತ್ತು ಹೊರಗೆ ಹೋಗುತ್ತಿತ್ತು, ನಿಜ ಮಣ್ಣಿನಡಿಗೆ ಇಳಿಯುತ್ತಿತ್ತು.

ಫೋಟೋಗಳ ವಿಷಯವೂ ಹಾಗೆಯೇ. 1944ರ ಮೇ 15ರಿಂದ ಜುಲೈ 9ರೊಳಗೆ ಹಂಗೆರಿಯಿಂದ 4,30,000ಕ್ಕೂ ಹೆಚ್ಚು ಯಹೂದಿಗಳನ್ನು ಸಾಗಿಸಿದರು, ಬಹುತೇಕ ಎಲ್ಲ ರೈಲುಗಳೂ ಬಿರ್ಕೆನಾವ್‌ಗೇ ಬಂದವು. ಆ ದಿನಗಳಲ್ಲಿ ಎಸ್‌ಎಸ್ ಛಾಯಾಗ್ರಾಹಕರು ರೈಲುಕಟ್ಟೆಯ ಮೇಲೆ ನಿರಾಳವಾಗಿ ಓಡಾಡುತ್ತ ಸುಮಾರು ಇನ್ನೂರು ಚಿತ್ರ ತೆಗೆದು ಆಲ್ಬಂ ಮಾಡಿದರು. ಯುದ್ಧ ಮುಗಿದಾಗ ಬೇರೊಂದು ಶಿಬಿರದ ಎಸ್‌ಎಸ್ ವಸತಿಯಲ್ಲಿ ಅದು ಸಿಕ್ಕಿದ್ದು ಲಿಲಿ ಜೇಕಬ್ ಎಂಬ ಹದಿಹರೆಯದ ಕೈದಿಗೆ. ಪುಟ ತಿರುವಿದರೆ ಅದರಲ್ಲಿ ತನ್ನದೇ ಊರಿನ ರಬ್ಬಿ, ತನ್ನದೇ ಪುಟ್ಟ ತಮ್ಮಂದಿರು. ಆ ಆಲ್ಬಂನಲ್ಲಿ ಸಾಲು ನಿಂತವರಿದ್ದಾರೆ, ಮರದ ನೆರಳಲ್ಲಿ ಕೂತು ಕಾಯುವ ಅಜ್ಜಿ, ಮೊಮ್ಮಕ್ಕಳಿದ್ದಾರೆ. ಕೊಲೆ ಇಲ್ಲ.

ಕೊಲೆಯ ಅಂಗಳವನ್ನು ತೋರಿಸುವ ಫೋಟೋಗಳು ನಾಲ್ಕೇ ನಾಲ್ಕು. ತೆಗೆದವರು ಕೈದಿಗಳು. 1944ರ ಆಗಸ್ಟ್‌ನಲ್ಲಿ ಕ್ಯಾಮೆರಾವೊಂದನ್ನು ಗುಟ್ಟಾಗಿ ಐದನೆಯ ಚಿತಾಗಾರಕ್ಕೆ ಒಯ್ದರು. ಕೆಲವರು ಕಾವಲು ನಿಂತರು. ಗ್ರೀಕ್ ಯಹೂದಿಯೊಬ್ಬ, ಅಲ್ಬೆರ್ತೊ ಎರ್ರೆರಾ ಎಂದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ, ಖಾಲಿಯಾದ ವಿಷಾನಿಲ ಕೋಣೆಯ ಬಾಗಿಲ ಕತ್ತಲಲ್ಲಿ ನಿಂತು ಹೊರಗಿನ ಸುಡುವ ಗುಂಡಿಗಳತ್ತ ಎರಡು ಬಾರಿ ಕ್ಲಿಕ್ಕಿಸಿದ. ಆಮೇಲೆ ಹೊರಗೆ ಬಂದು, ಸೊಂಟದ ಬಳಿ ಕ್ಯಾಮೆರಾ ಹಿಡಿದು, ನೋಡದೆಯೇ ಇನ್ನೆರಡು. ಒಂದರಲ್ಲಿ ಓರೆಯಾದ ಮರಗಳ ಕೆಳಗೆ ಬೆತ್ತಲೆ ಹೆಂಗಸರು ಕೋಣೆಯತ್ತ ಸಾಗುತ್ತಿದ್ದಾರೆ. ಮತ್ತೊಂದರಲ್ಲಿ ಬರೀ ಕೊಂಬೆಗಳು, ಆಕಾಶ. ಟೂತ್‌ಪೇಸ್ಟ್ ಟ್ಯೂಬಿನೊಳಗೆ ಅಡಗಿದ ಫಿಲ್ಮು ಕ್ರಾಕುವ್‌ನ ಭೂಗತ ಕಾರ್ಯಕರ್ತರನ್ನು ತಲುಪಿತು. ಸೆಪ್ಟೆಂಬರ್ 4ರ ಚೀಟಿಯಲ್ಲಿ ಕೈದಿಗಳು ಇನ್ನಷ್ಟು ಫಿಲ್ಮು ಬೇಗ ಕಳಿಸಿ ಎಂದು ಕೇಳಿದರು. ಚೀಟಿ ಬರೆದವರಲ್ಲಿ ಒಬ್ಬ ಯೂಜೆಫ್ ಸಿರಾಂಕೆವಿಚ್, ಮುಂದೆ ಪೋಲೆಂಡಿನ ಪ್ರಧಾನಿಯಾದವನು.

ಯುದ್ಧಾನಂತರ ಈ ಚಿತ್ರಗಳನ್ನು ಅಚ್ಚು ಹಾಕಿದವರು ಬಾಗಿಲ ಚೌಕಟ್ಟಿನ ಕಪ್ಪು ಭಾಗವನ್ನು ಅನಗತ್ಯವೆಂದು ಕತ್ತರಿಸಿದರು, ಹೆಂಗಸರ ಮಸುಕು ಆಕೃತಿಗಳನ್ನು ತಿದ್ದಿದರು. ಓದುಗರಿಗೆ ಸ್ಪಷ್ಟವಾಗಲಿ ಎಂಬ ಉದ್ದೇಶ ಇದ್ದಿರಬಹುದು. ಆದರೂ ನನಗೆ ಅದು ದೊಡ್ಡ ತಪ್ಪಾಗಿಯೇ ಕಾಣುತ್ತದೆ. ತೆಗೆದವನು ಎಲ್ಲಿ ನಿಂತಿದ್ದ, ಯಾವ ಅಪಾಯದಲ್ಲಿ ನಿಂತಿದ್ದ ಎಂಬುದನ್ನು ಹೇಳುತ್ತಿದ್ದುದು ಆ ಕಪ್ಪು ಚೌಕಟ್ಟೇ.

ಹೊರಗಿನ ಜಗತ್ತಿಗೆ ಬದುಕಿದ್ದಾಗಲೇ ಸುದ್ದಿ ಮುಟ್ಟಿಸಿದವರೂ ಇದ್ದರು. ರುಡಾಲ್ಫ್ ವ್ರಬಾ ಎಂದು ಮುಂದೆ ಹೆಸರಾದ ಹತ್ತೊಂಬತ್ತರ ಸ್ಲೋವಾಕ್ ಯುವಕ ಶಿಬಿರದಲ್ಲಿ ಮೊದಲು ಸತ್ತವರ ಗಂಟುಮೂಟೆ ವಿಂಗಡಿಸುವ ಕೆಲಸದಲ್ಲಿದ್ದ, ಆಮೇಲೆ ಒಂದು ವಿಭಾಗದ ಗುಮಾಸ್ತನಾದ. ಯಾವ ದಿನ ಯಾವ ದೇಶದಿಂದ ರೈಲು ಬಂತು, ಎಷ್ಟು ಜನ, ಎಷ್ಟು ಮಂದಿ ಒಳಗೆ ಉಳಿದರು ಎಂಬುದನ್ನು ಕಂಠಪಾಠ ಮಾಡಿಕೊಂಡ. 1944ರ ಏಪ್ರಿಲ್ 7ರಂದು ಅವನೂ ಆಲ್ಫ್ರೆಡ್ ವೆಟ್ಸ್‌ಲರ್ ಎಂಬ ಗೆಳೆಯನೂ ಒಳಬೇಲಿಯಾಚೆ ಪೇರಿಸಿದ್ದ ಮರದ ರಾಶಿಯ ಪೊಳ್ಳಿನಲ್ಲಿ ಅಡಗಿದರು. ನಾಯಿಗಳಿಗೆ ವಾಸನೆ ಸಿಗದಿರಲೆಂದು ಸುತ್ತ ಪೆಟ್ರೋಲಿನಲ್ಲಿ ನೆನೆಸಿದ ರಷ್ಯನ್ ತಂಬಾಕು ಚೆಲ್ಲಿದ್ದರು. ಮೂರು ದಿನ ಹುಡುಕಿ ಹೊರಗಿನ ಕಾವಲು ತೆಗೆಯುವುದು ಎಸ್‌ಎಸ್ ಪದ್ಧತಿ. ನಾಲ್ಕನೆಯ ರಾತ್ರಿ ಹೊರಬಿದ್ದು ರಾತ್ರಿ ನಡೆದು, ಹಗಲು ಅವಿತು, ಸ್ಲೋವಾಕಿಯಾ ಸೇರಿದರು. ಏಪ್ರಿಲ್ ಕೊನೆಯ ಹೊತ್ತಿಗೆ ಅವರ ವರದಿ ಟೈಪಾಯಿತು: ನಕ್ಷೆ, ಚಿತಾಗಾರದ ವಿನ್ಯಾಸ, ರೈಲುಗಳ ಲೆಕ್ಕ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನಿಸಿ ತಾಳೆ ನೋಡಿದರು. ಆದರೆ ಅದರ ಸಾರ ಸ್ವಿಸ್ ಪತ್ರಿಕೆಗಳಲ್ಲಿ ಬಂದದ್ದು ಜೂನ್‌ನಲ್ಲಿ. ಹಂಗೆರಿಯ ಆಡಳಿತಗಾರ ಹೊರ್ತಿ ಅಂತರರಾಷ್ಟ್ರೀಯ ಒತ್ತಡಕ್ಕೆ ಮಣಿದು ಸಾಗಣೆ ನಿಲ್ಲಿಸಿದ್ದು ಜುಲೈನಲ್ಲಿ. ಅಷ್ಟರಲ್ಲಿ ಹಂಗೆರಿಯ ಹಳ್ಳಿ, ಪಟ್ಟಣಗಳ ಯಹೂದಿಗಳನ್ನು ಬಹುತೇಕ ಸಾಗಿಸಿಯಾಗಿತ್ತು. ಆಗ ಬುಡಾಪೆಸ್ಟಿನಲ್ಲಿದ್ದ ಸುಮಾರು ಎರಡು ಲಕ್ಷ ಜನ ಸದ್ಯಕ್ಕೆ ಬದುಕಿಕೊಂಡರು. ಎರಡು ತಿಂಗಳು ಮೊದಲೇ ಎಚ್ಚರಿಕೆ ಜನರನ್ನು ಮುಟ್ಟಿದ್ದರೆ ಎಂಬ ಸಂಕಟ ವ್ರಬಾನನ್ನು ಸಾಯುವವರೆಗೂ ಬಿಡಲಿಲ್ಲ.

ಹೀಗೆ ಒಳಗಿನ ಸುದ್ದಿ ಹೊರಗೆ ಹೋದ ಇನ್ನೊಂದು ಜಾಗ ಬರ್ಲಿನ್ನಿನ ಉತ್ತರಕ್ಕಿದ್ದ ರಾವೆನ್ಸ್‌ಬ್ರುಕ್ ಹೆಂಗಸರ ಶಿಬಿರ. 1942ರ ಬೇಸಿಗೆಯಿಂದ ಅಲ್ಲಿ ಕಾರ್ಲ್ ಗೆಬ್‌ಹಾರ್ಟ್ ಎಂಬ ಎಸ್‌ಎಸ್ ವೈದ್ಯನ ತಂಡ 74 ಪೋಲಿಷ್ ಹೆಣ್ಣುಮಕ್ಕಳ ಮೇಲೆ ಪ್ರಯೋಗ ನಡೆಸಿತು. ಕಾಲು ಸೀಳಿ, ರೋಗಾಣು, ಗಾಜಿನ ಚೂರು, ಮರದ ಸಿಬಿರು ತುಂಬಿ, ಸಲ್ಫಾ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ಕಾದು ನೋಡಿದರು. ಮೂಳೆ ಒಡೆದರು, ನರ ಕತ್ತರಿಸಿದರು. ಪ್ರಯೋಗದ ಮೊಲಗಳು ಎಂದು ಶಿಬಿರದಲ್ಲಿ ಈ ಹುಡುಗಿಯರನ್ನು ಕರೆಯುತ್ತಿದ್ದರು, ಅವರೂ ಆ ಹೆಸರನ್ನೇ ಇಟ್ಟುಕೊಂಡರು. ತಿಂಗಳಿಗೊಂದು ಪತ್ರವನ್ನು ಜರ್ಮನ್ ಭಾಷೆಯಲ್ಲಿ, ಸೆನ್ಸಾರಿಗೆ ಒಪ್ಪುವಂತೆ ಬರೆಯಲು ಅವಕಾಶವಿತ್ತು. 1943ರ ಆರಂಭದಲ್ಲಿ ಲುಬ್ಲಿನ್ ಊರಿನ ನಾಲ್ವರು ಗೆಳತಿಯರು ಆ ಪತ್ರಗಳ ಸಾಲುಗಳ ನಡುವೆ ತಮ್ಮ ಮೂತ್ರದಿಂದಲೇ ಬರೆಯತೊಡಗಿದರು. ಒಣಗಿದರೆ ಕಾಣದು, ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿದರೆ ಕಂದು ಅಕ್ಷರ ಮೂಡುತ್ತದೆ. ಈ ಗುಟ್ಟನ್ನು ಮನೆಯವರಿಗೆ ತಿಳಿಸಲು ಚಿಕ್ಕಂದಿನಲ್ಲಿ ಓದಿದ ಮಕ್ಕಳ ಕಾದಂಬರಿಯೊಂದನ್ನು ಮೊದಲ ಪತ್ರದಲ್ಲಿ ನೆನಪಿಸಿದರು. ಆ ಕಥೆಯಲ್ಲಿ ಸಾಲುಗಳ ಮೊದಲಕ್ಷರ ಕೂಡಿಸಿದರೆ ಸಂದೇಶ ಸಿಗುತ್ತದೆ. ಮನೆಯವರು ಕೂಡಿಸಿ ಓದಿದರು, ಅರ್ಥ ಮಾಡಿಕೊಂಡರು.

ಆ ಪತ್ರಗಳಲ್ಲಿ ಇದ್ದುದು ಅಳಲಲ್ಲ, ಪಟ್ಟಿ. ಯಾರ ಮೇಲೆ ಯಾವ ಶಸ್ತ್ರಕ್ರಿಯೆ, ಯಾರು ಸತ್ತರು, ಯಾರಿಗೆ ಗುಂಡಿಕ್ಕಿದರು ಎಂಬುದರ ದಾಖಲೆ. 1945ರ ಫೆಬ್ರುವರಿಯಲ್ಲಿ ಉಳಿದ ಮೊಲಗಳನ್ನೆಲ್ಲ ಮುಗಿಸುವ ಸೂಚನೆ ಹೊರಟಾಗ ಇಡೀ ಶಿಬಿರದ ಹೆಂಗಸರು ಅವರನ್ನು ಮರೆಮಾಡಿದರು. ಸತ್ತವರ ಸಂಖ್ಯೆಗಳನ್ನು ಅವರಿಗೆ ಕೊಟ್ಟು ಬೇರೆ ಬೇರೆ ಬರಾಕುಗಳಲ್ಲಿ ಅಡಗಿಸಿದರು. 1946ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗ್‌ನ ವೈದ್ಯರ ವಿಚಾರಣೆಗೆ ಬದುಕುಳಿದ ಈ ಮೊಲಗಳಲ್ಲಿ ನಾಲ್ವರು ಬಂದರು. ಯಾದ್ವಿಗಾ ಜಿಡೊ ನ್ಯಾಯಾಲಯದ ನಡುವೆ ನಿಂತು ತನ್ನ ಕಾಲಿನ ಗಾಯದ ಗುರುತು ತೋರಿಸಿದಳು. ಗೆಬ್‌ಹಾರ್ಟ್‌ನನ್ನು 1948ರ ಜೂನ್ 2ರಂದು ಗಲ್ಲಿಗೇರಿಸಿದರು.

ಮತ್ತೆ ಬಿರ್ಕೆನಾವ್‌ಗೆ ಬಂದರೆ, ಅಲ್ಲಿನ ಸೊಂಡರ್‌ಕಮಾಂಡೊ 1944ರ ಅಕ್ಟೋಬರ್ 7ರಂದು ತಿರುಗಿಬಿತ್ತು. ಸುತ್ತಿಗೆ, ಕೊಡಲಿ, ಕಲ್ಲು ಅವರ ಆಯುಧ. ಜೊತೆಗೆ ತಾವೇ ತಯಾರಿಸಿದ ಕೆಲವು ಕೈಬಾಂಬು. ಅದಕ್ಕೆ ಬೇಕಾದ ಮದ್ದುಪುಡಿಯನ್ನು ಯೂನಿಯನ್ ಮದ್ದುಗುಂಡು ಕಾರ್ಖಾನೆಯ ಕೈದಿ ಹುಡುಗಿಯರು ತಿಂಗಳುಗಟ್ಟಲೆ ಚಿಟಿಕೆ ಚಿಟಿಕೆಯಾಗಿ ಕದ್ದು ತಂದಿದ್ದರು. ನಾಲ್ಕನೆಯ ಚಿತಾಗಾರ ಹೊತ್ತಿ ಉರಿಯಿತು, ಮತ್ತೆಂದೂ ಕೆಲಸಕ್ಕೆ ಬರಲಿಲ್ಲ. ಮೂವರು ಎಸ್‌ಎಸ್ ಸೈನಿಕರು ಸತ್ತರು. ಸುಮಾರು 450 ಕೈದಿಗಳು ಪ್ರಾಣ ಕೊಟ್ಟರು, ಅವರಲ್ಲಿ ಗ್ರಾದೊವ್‌ಸ್ಕಿಯೂ ಒಬ್ಬ. ಪುಡಿ ತಂದ ಜಾಲದ ರೋಜಾ ರೊಬೊತಾ, ಆಲಾ ಗೆರ್ಟ್ನರ್, ಎಸ್ತುಸಿಯಾ ವಾಯ್ಟ್ಸ್‌ಬ್ಲುಮ್, ರೆಗಿನಾ ಸಾಫಿರ್‌ಷ್ಟೈನ್ ಚಿತ್ರಹಿಂಸೆಗೆ ಬಗ್ಗಲಿಲ್ಲ. ಜನವರಿ ಮೊದಲ ವಾರ ಆ ನಾಲ್ವರನ್ನೂ ನೇಣು ಹಾಕಿದರು. ಸೋವಿಯತ್ ಸೈನ್ಯ ಬರಲು ಮೂರೇ ವಾರ ಬಾಕಿ ಇತ್ತು.

ಈ ದಂಗೆಯ ನಂತರ ಬದುಕಿದ್ದವರಲ್ಲಿ ಥೆಸಲೊನಿಕಿಯ ಮಾರ್ಸೆಲ್ ನಾಜಾರಿ ಒಬ್ಬ. ನವೆಂಬರ್ 3ರಂದು ಗ್ರೀಕ್ ಭಾಷೆಯಲ್ಲಿ ಹದಿಮೂರು ಪುಟದ ಪತ್ರ ಬರೆದು, ಥರ್ಮಾಸಿನೊಳಗಿಟ್ಟು, ಚರ್ಮದ ಚೀಲದಲ್ಲಿ ಸುತ್ತಿ ಮೂರನೆಯ ಚಿತಾಗಾರದ ಬಳಿ ಹೂತ. ಸಿಕ್ಕವರು ಗ್ರೀಕ್ ರಾಯಭಾರ ಕಚೇರಿಗೆ ತಲುಪಿಸಿ ಎಂದು ಬೇರೆ ಭಾಷೆಗಳಲ್ಲಿ ಮೇಲೆ ಬರೆದಿಟ್ಟ. ಒಬ್ಬ ಮನುಷ್ಯನಿಂದ ಉಳಿಯುವ ಬೂದಿ ಸುಮಾರು 640 ಗ್ರಾಂ ಎಂಬ ಲೆಕ್ಕವೂ ಅದರಲ್ಲಿದೆ. ಸಾಯುವುದಕ್ಕಿಂತ ಸೇಡು ತೀರಿಸಿಕೊಳ್ಳಲಾಗದೆ ಸಾಯುವುದೇ ಅವನ ದುಃಖವಾಗಿತ್ತು. ಸಾಯಲಿಲ್ಲ. ಜನವರಿಯಲ್ಲಿ ಶಿಬಿರ ತೆರವಾದ ಗೊಂದಲದಲ್ಲಿ ಇತರ ಕೈದಿಗಳ ನಡುವೆ ಬೆರೆತು ಪಾರಾದ. 1951ರಲ್ಲಿ ನ್ಯೂಯಾರ್ಕಿಗೆ ಹೋಗಿ ದರ್ಜಿಯಾಗಿ ದುಡಿದು 1971ರಲ್ಲಿ ತೀರಿಕೊಂಡ. ಒಂಬತ್ತು ವರ್ಷ ಕಳೆದು, 1980ರಲ್ಲಿ, ಅರಣ್ಯಶಾಲೆಯ ವಿದ್ಯಾರ್ಥಿಗಳು ಬೇರು ಕೀಳುವಾಗ ಥರ್ಮಾಸ್ ಸಿಕ್ಕಿತು. ಆಗ ಓದಲಾದದ್ದು ಹತ್ತರಲ್ಲಿ ಒಂದೆರಡು ಭಾಗ ಮಾತ್ರ. ಕಂಪ್ಯೂಟರ್ ನೆರವಿನ ಚಿತ್ರ ಸಂಸ್ಕರಣೆಯಿಂದ 2017ರ ಹೊತ್ತಿಗೆ ಬಹುಪಾಲು ಅಕ್ಷರಗಳು ಮರಳಿ ಮೂಡಿದವು.

ಇಂಥ ಸಾಕ್ಷ್ಯ ಏಕೆ ಬೇಕೆಂಬುದಕ್ಕೆ ಕಾನೂನಿನಲ್ಲೇ ಉತ್ತರವಿದೆ. ನರಮೇಧಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಹೆಸರು ಕೊಟ್ಟವರು ರಫಾಯೆಲ್ ಲೆಮ್ಕಿನ್, ತಮ್ಮ ಕುಟುಂಬದ 49 ಜನರನ್ನು ಕಳೆದುಕೊಂಡ ಪೋಲಿಷ್ ಯಹೂದಿ ವಕೀಲ. 1946ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಈ ಬಗ್ಗೆ ಮೊದಲ ನಿರ್ಣಯ ತಂದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ನಿಯೋಗದ ನೇತೃತ್ವ ವಿಜಯಲಕ್ಷ್ಮಿ ಪಂಡಿತ್ ಅವರದು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿಗೆ ಎರಡು ಸಾಲು ಸಿಗಬೇಕಿತ್ತು. 1948ರ ಡಿಸೆಂಬರ್ 9ರ ಒಡಂಬಡಿಕೆಯ ಪ್ರಕಾರ ನರಮೇಧವೆನ್ನಲು ಸಾವಿನ ಸಂಖ್ಯೆಯೊಂದೇ ಸಾಲದು. ಒಂದು ಜನಾಂಗವನ್ನು, ಧರ್ಮದವರನ್ನು, ಪೂರ್ತಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶ ರುಜುವಾತಾಗಬೇಕು. ಉದ್ದೇಶವನ್ನು ಕೊಲೆಗಾರ ಬಾಯಿಬಿಟ್ಟು ಹೇಳುವುದು ಅಪರೂಪ. ಯಾರನ್ನು ತಂದರು, ಹೇಗೆ ವಿಂಗಡಿಸಿದರು, ಮಕ್ಕಳನ್ನು ಏನು ಮಾಡಿದರು ಎಂದು ಒಳಗಿದ್ದವರು ಬರೆದಿಟ್ಟ ವಿವರಗಳಿಂದಲೇ ಅದನ್ನು ಕಟ್ಟಬೇಕು.

ಅಂಥ ವಿವರಗಳ ಪರೀಕ್ಷೆ 2000ದಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನಡೆಯಿತು. ತನ್ನನ್ನು ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ನರಮೇಧ) ನಿರಾಕರಣೆ ಮಾಡುವವನೆಂದು ಕರೆದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್ ಮಾನನಷ್ಟ ಮೊಕದ್ದಮೆ ಹೂಡಿದ್ದ. ಬಿರ್ಕೆನಾವ್‌ನ ವಿಷಾನಿಲ ಕೋಣೆಯ ಕುಸಿದ ಚಾವಣಿಯಲ್ಲಿ ವಿಷ ಸುರಿಯುವ ರಂಧ್ರಗಳೇ ಇಲ್ಲ ಎಂಬುದು ಅವನ ಮುಖ್ಯ ವಾದಗಳಲ್ಲೊಂದು. ವಾಸ್ತುಶಿಲ್ಪದ ಇತಿಹಾಸಕಾರ ರಾಬರ್ಟ್ ಯಾನ್ ವಾನ್ ಪೆಲ್ಟ್ ಶಿಬಿರದ ನಿರ್ಮಾಣ ಕಚೇರಿಯ ನೀಲನಕ್ಷೆಗಳನ್ನು ಒಂದೆಡೆ ಹರಡಿದರು. ಇನ್ನೊಂದೆಡೆ ಸೊಂಡರ್‌ಕಮಾಂಡೊದ ಹೆನ್ರಿಕ್ ಟೌಬರ್ 1945ರ ಮೇ ತಿಂಗಳಲ್ಲಿ ಕೊಟ್ಟ ಹೇಳಿಕೆಯನ್ನು, ಅದೇ ತಂಡದ ಚಿತ್ರಕಾರ ದಾವಿದ್ ಒಲೆರ್ ಬಿಡುಗಡೆಯ ನಂತರ ನೆನಪಿನಿಂದ ಬರೆದ ಚಿತ್ರಗಳನ್ನು ಇಟ್ಟರು. ಗೋಡೆ, ಬಾಗಿಲು, ಕುಲುಮೆ, ಮೆಟ್ಟಿಲು ಒಂದಕ್ಕೊಂದು ಕೂಡಿಬಂದವು. ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ಇರ್ವಿಂಗ್‌ನ ಮೊಕದ್ದಮೆಯನ್ನು ವಜಾ ಮಾಡಿದರು. ಆಶ್ವಿಟ್ಜ್‌ನ ವಿಷಾನಿಲ ಕೋಣೆಗಳ ಬಗ್ಗೆ ನಿಷ್ಪಕ್ಷಪಾತಿ ಇತಿಹಾಸಕಾರ ಗಂಭೀರವಾಗಿ ಅನುಮಾನಿಸಲು ಕಾರಣವೇ ಇಲ್ಲ ಎಂಬುದು ತೀರ್ಪಿನ ತಿರುಳು.

ಹೂತದ್ದೆಲ್ಲ ಸಿಕ್ಕಿಲ್ಲ. ಇನ್ನೂ ಹುಡುಕಿ ಎಂದು ಲೆವೆಂತಾಲ್ ಬರೆದಿಟ್ಟಿದ್ದ. ಯುದ್ಧ ಮುಗಿದ ಮೊದಲ ತಿಂಗಳುಗಳಲ್ಲಿ ಸುತ್ತಲಿನ ಊರುಗಳವರು ಚಿನ್ನದಾಸೆಗೆ ಆ ನೆಲವನ್ನು ಅಗೆದು ಕಾಗದಗಳನ್ನು ಬಿಸಾಡಿದರು. ಸಿಕ್ಕವುಗಳಲ್ಲಿ ಗ್ರಾದೊವ್‌ಸ್ಕಿಯ ನೋಟುಬುಕ್ಕು ಸೇಂಟ್ ಪೀಟರ್ಸ್‌ಬರ್ಗ್‌ನ ಮಿಲಿಟರಿ ವೈದ್ಯಕೀಯ ವಸ್ತುಸಂಗ್ರಹಾಲಯದಲ್ಲಿದೆ. ನಾಜಾರಿಯ ಹಾಳೆಗಳು ಆಶ್ವಿಟ್ಜ್ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿವೆ. ಯಿಡ್ಡಿಷ್‌ನಿಂದ ಹಲವು ಭಾಷೆಗಳಿಗೆ ಹೋದ ಗ್ರಾದೊವ್‌ಸ್ಕಿಯ ಬರಹವನ್ನು ಕನ್ನಡದ ಒಳ್ಳೆಯ ಅನುವಾದಕರೊಬ್ಬರು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಅವನು ಬಿನ್ನಹ ಬರೆದ ನಾಲ್ಕು ಭಾಷೆಗಳಲ್ಲಿ ನಮ್ಮದು ಇರಲಿಲ್ಲ, ಆದರೆ ಯಾರಾದರೂ ಓದಲಿ ಎಂದೇ ಅವನು ಬರೆದದ್ದು.